ಬಾವಿಯೊಳಗೆ ಕೆಮ್ಮುವ ಬೈಕು

"ಮಾಸ್ತರೇ, ತವರಿನಲ್ಲಿ ನಗುನಗುತ್ತಾ ಇರೋ ಹುಡುಗಿ ನಮ್ಮ ಮನೆ ಹೊಸ್ತಿಲು ದಾಟಿದ ಕೂಡಲೇ ಬಾಡ್ತಾಳೆ. ದೋಷ ಎಲ್ಲಿದೆ?"

ಹೀಗೆ ಕೇಳಿದವನು ದ್ಯಾಮಣ್ಣ. ಕೇಳಿಸಿಕೊಂಡವರು ವೀರೋಜಿ ಮಾಸ್ತರು. ಹರಿಹರದಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ರಿಪೇರಿ ಕಲಿಸುತ್ತಿದ್ದ ಗುರುಗಳು ಅವರು. ದ್ಯಾಮಣ್ಣ ಅವರ ಕೈಯಲ್ಲಿ ಪಳಗಿ, ಸ್ವಂತ ಗ್ಯಾರೇಜು ಇಟ್ಟು, ಮಗನಿಗೆ ಮದುವೆಯನ್ನೂ ಮಾಡಿದವನು. ಈಗ ಆ ಸೊಸೆಯದೇ ಚಿಂತೆ. ಅವಳಿಗೆ ಊಟ ಸೇರುವುದಿಲ್ಲ. ಎದೆ ಭಾರ ಎನ್ನುತ್ತಾಳೆ. ಮಾತು ದಿನದಿಂದ ದಿನಕ್ಕೆ ಕಡಿಮೆ. ಡಾಕ್ಟರರು ರಕ್ತ ನೋಡಿದರು, ಎದೆಯ ಫೋಟೋ ತೆಗೆದರು, ಏನೂ ಇಲ್ಲ ಎಂದರು. ತವರಿಗೆ ಕಳಿಸಿದರೆ ಕುಂಟಾಬಿಲ್ಲೆ ಆಡುವಷ್ಟು ಗಟ್ಟಿಯಾಗುತ್ತಾಳೆ. ಕರೆತಂದರೆ ಮತ್ತೆ ಅದೇ ಕತೆ. ಆ ದಿನ ಸಂಜೆ ಅವಳ ತಂದೆ ಬರುವವನಿದ್ದ. ದೋಷ ಹುಡುಗಿಯಲ್ಲಿದೆ ಎಂದು ದ್ಯಾಮಣ್ಣ ಹೇಳಿದರೆ ಆತ ಮಗಳನ್ನು ಕರೆದುಕೊಂಡು ಹೋಗುತ್ತಾನೆ. ಮತ್ತೆ ಕಳಿಸುವುದಿಲ್ಲ.

"ನಮ್ಮನೇಲಿ ಕಾಟ ಕೊಡೋರು ಯಾರೂ ಇಲ್ಲ," ಎಂದ ದ್ಯಾಮಣ್ಣ. "ನಾನು, ನನ್ನ ಹೆಂಡ್ತಿ, ಮಗ, ಇಷ್ಟೇ. ನಾನು ಒಂದು ಮಾತು ಹೇಳಿದ್ರೆ ಎದುರು ಮಾತಿಲ್ಲ. ಮನೆ ಎಷ್ಟು ಶಾಂತ ಅಂದ್ರೆ, ಗೋಡೆ ಗಡಿಯಾರದ ಸದ್ದು ಬೀದಿಗೆ ಕೇಳ್ತದೆ. ಇಂಥ ಮನೇಲಿ ಅವಳಿಗೆ ಏನಾಗ್ತದೆ ಹೇಳಿ."

"ನಾನು ಮನುಷ್ಯರ ವೈದ್ಯ ಅಲ್ಲಪ್ಪ, ಕಾರ್ಬುರೇಟರಿನ ವೈದ್ಯ," ಎಂದರು ಮಾಸ್ತರು. "ಅದರಲ್ಲಿ ಮಾತ್ರ ಧನ್ವಂತರಿ ಬಂದರೂ ನನ್ನ ಮುಂದೆ ಸ್ಟೂಲು ಹಾಕಿಕೊಂಡು ಕೂರಬೇಕು. ಒಂದು ಕತೆ ಇದೆ. ಅಷ್ಟು ಕೇಳಿ ಎದ್ದು ಹೋಗು."

ದ್ಯಾಮಣ್ಣ ಕೂತ. ಮಾಸ್ತರು ಹೇಳಿದ ಕತೆ ಇದು.

ಊರೂರು ಸುತ್ತಿ ಮರಣಬಾವಿಯ ಆಟ ಆಡಿಸುವ ಒಂದು ಕಂಪನಿ ಇತ್ತು. ಬಾವಿ ಎಂದರೆ ನೆಲ ಅಗೆದು ಮಾಡಿದ್ದಲ್ಲ. ಮರದ ಹಲಗೆಗಳನ್ನು ನಿಲ್ಲಿಸಿ ನೆಲದ ಮೇಲೆ ದುಂಡಗೆ ಕಟ್ಟಿದ್ದು. ಜನ ಏಣಿ ಹತ್ತಿ ಅದರ ಕಂಠದ ಸುತ್ತ ನಿಂತು ಕೆಳಗೆ ಇಣುಕಬೇಕು. ತಳದಲ್ಲಿ ಸುತ್ತುತ್ತಾ ವೇಗ ಹಿಡಿದ ಬೈಕು ಗೋಡೆ ಹತ್ತಿ, ಅಡ್ಡಲಾಗಿ ಮಲಗಿದಂತೆ ಓಡುತ್ತಾ, ಕಂಠದ ಬಳಿ ಬಳಿದ ಕೆಂಪು ಪಟ್ಟಿಯನ್ನು ಮುಟ್ಟಬೇಕು. ಎಂಜಿನ್ ಓಡುವವರೆಗೆ ಗೋಡೆ ಹಿಡಿದುಕೊಂಡಿರುತ್ತದೆ. ಎಂಜಿನ್ ನಿಂತರೆ ಗೋಡೆ ಕೈಬಿಡುತ್ತದೆ.

ಕಂಪನಿಗೆ ಒಬ್ಬ ಮಾಲೀಕ. ಒಬ್ಬಳು ಸವಾರಗಿತ್ತಿ. ಒಬ್ಬ ಮೇಸ್ತ್ರಿ. ಬೇರೆ ಸವಾರರೂ ಇದ್ದರು, ಆದರೆ ಅವರು ಚಿಕ್ಕ ಬೈಕುಗಳಲ್ಲಿ ಗೋಡೆಯ ಸೊಂಟದವರೆಗೆ ಹೋಗಿ ಮೀಸೆ ತಿರುವಿ ಇಳಿಯುವವರು. ಕೆಂಪು ಪಟ್ಟಿ ಮುಟ್ಟುತ್ತಿದ್ದವಳು ಸವಾರಗಿತ್ತಿ ಒಬ್ಬಳೇ. ಅವಳ ಸರದಿ ಯಾವಾಗಲೂ ಕೊನೆಗೆ.

ಅವಳ ಬೈಕು ಎರಡು ಸಿಲಿಂಡರಿನದು. ಎಷ್ಟು ಹಳೆಯದೆಂದರೆ, ಅದರ ಹಾರ್ನ್ ಕೇಳಿ ಮೊದಲು ದಾರಿ ಬಿಟ್ಟವರ ಮೊಮ್ಮಕ್ಕಳು ಈಗ ಕೋಲು ಹಿಡಿದು ನಡೆಯುತ್ತಾರೆ. ಎಡಕ್ಕೊಂದು ಸಿಲಿಂಡರು, ಬಲಕ್ಕೊಂದು ಸಿಲಿಂಡರು. ಪ್ರತಿಯೊಂದಕ್ಕೂ ಅದರದೇ ಕಾರ್ಬುರೇಟರು. ಕಾರ್ಬುರೇಟರು ಎಂಜಿನ್ನಿನ ಅಡುಗೆಮನೆ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಕಳಿಸುವುದು ಅದರ ಕೆಲಸ. ಒಂದೇ ದೇಹ, ಎರಡು ಹೊಟ್ಟೆ, ಎರಡು ಅಡುಗೆಮನೆ.

ಮೇಸ್ತ್ರಿಯ ಕಿವಿ ಹೆಸರುವಾಸಿ. ಸೊಳ್ಳೆ ಹಾರಿಹೋದರೆ ಅದರ ಎಡರೆಕ್ಕೆಗೆ ಎಣ್ಣೆ ಬಿಡಬೇಕು ಎಂದು ಹೇಳುವ ಕಿವಿ. ತನ್ನ ಮದುವೆಯಲ್ಲಿ ಡೋಲಿನ ಚರ್ಮ ಸಡಿಲವಾಗಿದೆ ಎಂದು ತಾಳಿಯನ್ನು ಕೈಯಲ್ಲಿ ಹಿಡಿದೇ ಡೋಲಿನವನ ಬಳಿ ಹೋಗಿಬಿಟ್ಟನಂತೆ. ಮಾವ ಎಳೆದು ತಂದು ಕೂರಿಸಿದನಂತೆ. ಇದನ್ನು ಹೇಳಿದವನು ಮೇಸ್ತ್ರಿಯೇ, ಆದ್ದರಿಂದ ಸುಳ್ಳಿರಲಾರದು.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಸವಾರಗಿತ್ತಿ ಗೋಡೆ ಹತ್ತುವ ಮೊದಲು ಮೇಸ್ತ್ರಿ ಬೈಕಿನ ಟ್ಯಾಂಕನ್ನು ಅಂಗೈಯಿಂದ ತಟ್ಟಬೇಕು. ತಟ್ಟಿದರೆ ಬೈಕು ಸರಿಯಿದೆ ಎಂದು ಅರ್ಥ. ತಟ್ಟದಿದ್ದರೆ, ಮಾಲೀಕ ಕಾಲಿಗೆ ಬಿದ್ದರೂ ಅವಳು ಹತ್ತುವುದಿಲ್ಲ. ಅವಳ ಜೀವ ಅವನ ಅಂಗೈಯಲ್ಲಿತ್ತು. ಅವನು ತಟ್ಟುವಾಗ ಜನರೆಲ್ಲ ನೋಡುವಂತೆ ಕೈಯನ್ನು ತಲೆಯ ಮೇಲಿನಿಂದ ತಂದು ತಟ್ಟುತ್ತಿದ್ದ.

ಇನ್ನೊಂದು ನಿಯಮವೂ ಇತ್ತು. ಬಾವಿಯೊಳಗೆ ಸ್ಪ್ಯಾನರ್ ಇಳಿಸಬಾರದು. ಇದು ಮೂಢನಂಬಿಕೆಯಲ್ಲ. ಒಂದು ನಟ್ಟು ತಳದಲ್ಲಿ ಉರುಳಿ ಉಳಿದು, ಅದರ ಮೇಲೆ ಚಕ್ರ ಹಾದರೆ ಸವಾರರ ಲೆಕ್ಕ ಮುಗಿಯಿತು. ಆದ್ದರಿಂದ ಏನೇ ರಿಪೇರಿ ಇದ್ದರೂ ಬೈಕನ್ನು ಹೊರಗೆ ತಂದು, ಬಯಲಿನಲ್ಲಿ ನಿಲ್ಲಿಸಿ ಮಾಡಬೇಕು. ಆಟ ನಡೆಯುವಾಗಲೂ ಮೇಸ್ತ್ರಿ ಬಾಗಿಲಿನ ಹೊರಗೇ ನಿಂತು ಕೇಳುತ್ತಿದ್ದ. ಒಳಗೆ ಹೋಗಿ ನೋಡುವುದು ಕಿವಿ ಇಲ್ಲದವರ ಕೆಲಸ ಎಂಬುದು ಅವನ ಮತ.

ಒಂದೂರಿನ ವಸ್ತುಪ್ರದರ್ಶನದ ಬಯಲಿನಲ್ಲಿ ಆಟ ನಡೆದಿತ್ತು. ಒಂದು ಸಂಜೆ ಸವಾರಗಿತ್ತಿ ಗೋಡೆಯ ಅರ್ಧ ದಾಟಿದ್ದಳು. ಹೊರಗೆ ನಿಂತ ಮೇಸ್ತ್ರಿಗೆ ಶಬ್ದ ದಪ್ಪವಾದದ್ದು ಕೇಳಿಸಿತು. ಜೋಡಿ ತಬಲದಂತೆ ನುಡಿಯುತ್ತಿದ್ದ ಎಂಜಿನ್ ಒದ್ದೆ ಕಂಬಳಿ ಒಗೆದಂತೆ ದಪದಪ ಎಂದಿತು. ಕೆಮ್ಮಿತು. ಸುಧಾರಿಸಿಕೊಂಡಿತು. ಮತ್ತೆ ಕೆಮ್ಮಿತು. ಅದೂ ಆಟದ ಭಾಗವೆಂದು ಮೇಲಿನ ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಬಾಗಿಲಿಗೆ ಕಿವಿ ಒತ್ತಿದ.

ಅವಳು ಹೇಗೋ ಇಳಿದಳು. ಬೈಕನ್ನು ಬಾಗಿಲಿನಿಂದ ಹೊರಗೆ ತಳ್ಳಿದಳು.

"ಏನ್ ತಿನ್ಸಿದ್ಯೋ ಇದಕ್ಕೆ?" ಎಂದಳು. "ಮದುವೆ ಊಟ ಮಾಡಿ ಮೆಟ್ಲು ಹತ್ತೋರ ಹಂಗೆ ಏದುಸಿರು ಬಿಡ್ತದೆ."

ಮೇಸ್ತ್ರಿ ಎಡಗಡೆಯ ಸಿಲಿಂಡರಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿದ. ತುದಿ ಕಾಡಿಗೆಯಂತೆ ಕಪ್ಪಾಗಿತ್ತು. ಬೆರಳಿಗೆ ಒಣ ಮಸಿ ಹತ್ತಿತು. ಜಿಡ್ಡು ಮಸಿಯಾದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ತಿಳಿಯಬೇಕು. ಒಣ ಮಸಿಯಾದರೆ ಅಡುಗೆಯ ದೋಷ. ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಅರ್ಧ ಬೆಂದ ಪೆಟ್ರೋಲು ಮಸಿಯಾಗಿ ಕೂರುತ್ತದೆ, ಕಿಡಿ ಹಾರುವುದಿಲ್ಲ, ಎಂಜಿನ್ ಕೆಮ್ಮುತ್ತದೆ.

"ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಅಷ್ಟೇ," ಎಂದ ಮೇಸ್ತ್ರಿ. "ಇಂಥವನ್ನ ನಾನು ನಿದ್ದೆಗಣ್ಣಲ್ಲಿ ಮಾಡ್ತೀನಿ."

"ಎದ್ದು ಮಾಡಪ್ಪ," ಎಂದಳು ಅವಳು. "ಮೇಲೆ ಹೋಗೋಳು ನಾನು."

ಅವನು ಎಡಗಡೆಯ ಕಾರ್ಬುರೇಟರು ಬಿಚ್ಚಿದ. ಅದರ ಬಟ್ಟಲಿನಲ್ಲಿ ಒಂದು ಹಿತ್ತಾಳೆಯ ಬುಡ್ಡಿ ತೇಲುತ್ತಿರುತ್ತದೆ. ಅದು ತೂತಾದರೆ ಮುಳುಗುತ್ತದೆ, ಪೆಟ್ರೋಲು ಉಕ್ಕುತ್ತದೆ. ಬುಡ್ಡಿಯನ್ನು ಕಿವಿಯ ಬಳಿ ಅಲುಗಿಸಿದ. ಒಳಗೆ ಹನಿಯ ಸದ್ದಿಲ್ಲ. ಪೆಟ್ರೋಲು ತಡೆಯುವ ಸೂಜಿ ನೋಡಿದ, ಸವೆದಿಲ್ಲ. ಪ್ಲಗ್ಗು ತಿಕ್ಕಿದ, ಹಾಕಿದ. ಬಲಗಡೆಯದನ್ನೂ ಬಿಚ್ಚಿದ, ನೋಡಿದ, ತಿಕ್ಕಿದ, ಹಾಕಿದ. ಬಯಲಿನಲ್ಲಿ ನಿಲ್ಲಿಸಿ ಎಂಜಿನ್ ಎಬ್ಬಿಸಿದ. ತಬಲ ನುಡಿಯಿತು. ಮರುದಿನ ಮಧ್ಯಾಹ್ನದ ಆಟಕ್ಕೆ ಕೈಯೆತ್ತಿ ಟ್ಯಾಂಕು ತಟ್ಟಿದ. ಅವಳು ಕೆಂಪು ಪಟ್ಟಿ ಮುಟ್ಟಿ ಬಂದಳು. ಮೇಸ್ತ್ರಿ ಚಹಾದಂಗಡಿಯಲ್ಲಿ ಕೂತು ತನ್ನ ಕಿವಿಯ ಬಗ್ಗೆ ಎರಡು ಹೊಸ ಕತೆ ಹೇಳಿದ.

ಸಂಜೆಯ ಆಟದಲ್ಲಿ ಬೈಕು ಮತ್ತೆ ಕೆಮ್ಮಿತು.

ಈಗ ಅವನು ಜೆಟ್ಟು ಬದಲಿಸಿದ. ಜೆಟ್ಟು ಎಂದರೆ ಪೆಟ್ರೋಲು ಹೊರಬರುವ ಸಣ್ಣ ರಂಧ್ರ. ಅದಕ್ಕಿಂತ ಸಣ್ಣ ರಂಧ್ರದ್ದನ್ನು ಹಾಕಿದ. ಬಯಲಿನಲ್ಲಿ ಎಂಜಿನ್ ಹಸಿದು ಸ್ವಲ್ಪ ಹೊತ್ತು ಪಟಪಟ ಸಿಡಿದು, ಆಮೇಲೆ ನೆಟ್ಟಗಾಯಿತು. ಬಾವಿಯೊಳಗೆ ಮೊದಲು ಸುಮ್ಮನಿತ್ತು, ಆಮೇಲೆ ಕೆಮ್ಮಿತು. ಧೂಳು ತಡೆಯುವ ಗಾಳಿಯ ಜಾಲರಿ ಕಿತ್ತು ಪಕ್ಕಕ್ಕಿಟ್ಟ. ಕೆಮ್ಮಿತು. ಟ್ಯಾಂಕು ಬರಿದು ಮಾಡಿ ಬೇರೆ ಬಂಕಿನ ಪೆಟ್ರೋಲು ತಂದ. ಕೆಮ್ಮಿತು. ಹೊರಗೆ ತಂದರೆ ರಾಗ, ಒಳಗೆ ಹೋದರೆ ರೋಗ.

ಮೇಸ್ತ್ರಿಗೆ ಊಟ ರುಚಿಸದಾಯಿತು. ತಟ್ಟೆಯ ಮುಂದೆ ಕೂತರೆ ತುತ್ತು ನುಂಗುವ ಸದ್ದಿನಲ್ಲಿಯೂ ಆ ದಪದಪವೇ ಕೇಳಿಸುತ್ತಿತ್ತು. ಟ್ಯಾಂಕು ತಟ್ಟುವಾಗ ಕೈ ತಲೆಯ ಮೇಲಿನಿಂದ ಬರುತ್ತಿರಲಿಲ್ಲ. ಸೊಂಟದ ಬಳಿಯಿಂದಲೇ ಬಂದು, ಬಿಸಿ ಹಂಚು ಮುಟ್ಟಿದಂತೆ ಮುಟ್ಟಿ ಹಿಂದೆ ಹೋಗುತ್ತಿತ್ತು. ಸವಾರಗಿತ್ತಿ ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಅವಳು ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಅವಳಿಗೂ ಮೈ ಸರಿಯಿರಲಿಲ್ಲ. ಆಟ ಮುಗಿಸಿ ಬಂದರೆ ತಲೆ ಒಡೆಯುತ್ತದೆ ಎನ್ನುತ್ತಿದ್ದಳು. ಒಮ್ಮೆ ಡೇರೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಮಾಲೀಕನಿಗೆ ಅದೇ ನೆಪವಾಗಿ ಸಿಕ್ಕಿತು.

"ಬೈಕಿನಲ್ಲಿ ಏನೂ ಇಲ್ಲ ಮೇಸ್ತ್ರಿ," ಎಂದ ಮಾಲೀಕ. "ನೀನೇ ಹೇಳ್ತೀಯಲ್ಲ, ಹೊರಗೆ ಚಿನ್ನದಂಗೆ ಓಡ್ತದೆ ಅಂತ. ಅವಳಿಗೆ ಹೆದರಿಕೆ ಹೊಕ್ಕಿದೆ. ಹೆದರಿದ ಕೈ ಸುಮ್ನೆ ಇರಲ್ಲ, ಚೋಕ್ ಎಳೀತದೆ."

ಚೋಕ್ ಎಂದರೆ ಚಳಿಯಲ್ಲಿ ಎಂಜಿನ್ ಎಬ್ಬಿಸಲು ಗಾಳಿಯನ್ನು ತಡೆಯುವ ಸಣ್ಣ ಕೈಗೂಟ. ಓಡುವಾಗ ಅದನ್ನು ಎಳೆದರೆ ಗಾಳಿ ಕಡಿಮೆಯಾಗಿ ಎಂಜಿನ್ ಹೀಗೆಯೇ ಕೆಮ್ಮುತ್ತದೆ. ಮೇಸ್ತ್ರಿಗೆ ಈ ಮಾತು ಹಿತವೆನಿಸಿತು. ಹೌದಲ್ಲ ಎಂದುಕೊಂಡ. ತನ್ನ ಕೈ ತಪ್ಪಿಲ್ಲ, ಅವಳ ಕೈ ತಪ್ಪಿದೆ. ಅಂದು ಮಧ್ಯಾಹ್ನ ಅವನು ಹೊಟ್ಟೆ ತುಂಬ ಉಂಡ.

ಸಂಜೆ ತಂತಿ ತಂದು ಚೋಕಿನ ಗೂಟವನ್ನು ಕಟ್ಟಿದ. ಇನ್ನು ಯಾರು ಎಳೆದರೂ ಅದು ಅಲುಗುವುದಿಲ್ಲ. ಸವಾರಗಿತ್ತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಬೇಕಾದ್ರೆ ನನ್ನ ಕೈನೂ ಕಟ್ಟು," ಎಂದಳು. "ಬಿದ್ದ ಮೇಲೆ ಬಿಚ್ಚುವಂತೆ."

ಅವನು ತಂತಿಯ ತುದಿ ಮುರಿದ. ಟ್ಯಾಂಕು ತಟ್ಟಿದ. ಅವಳು ಒಳಗೆ ಹೋದಳು.

ಆ ಸಂಜೆ ಎಂಜಿನ್ ಕೆಂಪು ಪಟ್ಟಿಯ ಬಳಿ ಕೆಮ್ಮಿತು. ಹೊರಗೆ ನಿಂತ ಮೇಸ್ತ್ರಿ ಮುಂದಿನ ಕೆಮ್ಮಿಗೆ ಕಾದ. ಅದು ಬರಲಿಲ್ಲ. ಬದಲಾಗಿ ಸದ್ದೇ ನಿಂತಿತು. ಹಲಗೆಯ ಮೇಲೆ ಕಬ್ಬಿಣ ಉಜ್ಜುತ್ತಾ ಇಳಿಯುವ ಶಬ್ದ. ಮೇಲಿನ ಜನ ಒಟ್ಟಿಗೆ ಉಸಿರು ಒಳಗೆಳೆದ ಶಬ್ದ. ಆ ದೊಡ್ಡ ಕಿವಿಗೆ ಅವೆರಡೂ ಕೇಳಿಸಿದವು. ಆಮೇಲೆ ಏನೂ ಕೇಳಿಸಲಿಲ್ಲ. ಬಾಗಿಲು ತೆರೆಯುವ ಧೈರ್ಯ ಅವನಿಗೆ ಬರಲಿಲ್ಲ. ಒಳಗಿನಿಂದ ಅದು ತೆರೆಯಿತು.

ಅವಳು ನಡೆದೇ ಬಂದಳು. ಬೈಕನ್ನು ಗೋಡೆಗೆ ಒತ್ತಿಕೊಂಡೇ ಕೆಳಗಿನವರೆಗೆ ಜಾರಿದ್ದಳು. ಮೊಣಕೈಯ ಚರ್ಮ ಸುಲಿದಿತ್ತು.

"ಕೈ ಎಳೀಲಿಲ್ಲ ಮೇಸ್ತ್ರಿ," ಎಂದಳು. ಅಷ್ಟೇ ಹೇಳಿ ನೀರು ಕೇಳಿದಳು.

ಮಾಲೀಕನ ಲೆಕ್ಕ ಅಷ್ಟಕ್ಕೇ ಮುಗಿಯುವುದಲ್ಲ. ಮರುದಿನ ಭಾನುವಾರ. ಪ್ರದರ್ಶನದ ಕೊನೆಯ ದಿನ. ಬಯಲು ತುಂಬುವ ಜನ. "ನಾಳೆ ಸಂಜೆ ಒಂದಾಟ ಅವಳು ಹತ್ತಲಿ," ಎಂದ. "ಆಮೇಲೆ ಬೈಕನ್ನ ಗುಜರಿಗೆ ಹಾಕ್ತೀನಿ, ಅವಳನ್ನ ಊರಿಗೆ ಕಳಿಸ್ತೀನಿ. ಎರಡಕ್ಕೂ ವಯಸ್ಸಾಯ್ತು. ನೀನು ತಟ್ಟು. ನೀನು ತಟ್ಟದಿದ್ರೆ ತಟ್ಟೋ ಕೈಗಳಿಗೇನು ಬರವಿಲ್ಲ."

ಭಾನುವಾರ ಸಂಜೆಯಾಗುತ್ತಾ ಬಂದಾಗ ಮೇಸ್ತ್ರಿ ಬಯಲಿನಲ್ಲಿ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಏನು ಮಾಡಬೇಕೆಂದು ತಿಳಿಯದೆ ಎರಡೂ ಪ್ಲಗ್ಗು ಬಿಚ್ಚಿದ. ಇಷ್ಟು ದಿನ ಎಡದ್ದನ್ನು ಬಿಚ್ಚಿ, ತಿಕ್ಕಿ, ಹಾಕಿದ ಮೇಲೆ ಬಲದ್ದನ್ನು ಬಿಚ್ಚುತ್ತಿದ್ದ. ಒಲೆ ಒಂದೊಂದಾಗಿ ಗುಡಿಸುವವರಂತೆ. ಅಂದು ಮಾತ್ರ ಮನಸ್ಸು ನೆಟ್ಟಗಿಲ್ಲದ ಕಾರಣ ಎರಡನ್ನೂ ಒಟ್ಟಿಗೆ ಬಿಚ್ಚಿಬಿಟ್ಟ. ಎಡದ್ದು ಎಡ ಅಂಗೈಯಲ್ಲಿ, ಬಲದ್ದು ಬಲ ಅಂಗೈಯಲ್ಲಿ.

ಎರಡೂ ಕಪ್ಪು. ಒಂದೇ ಕಪ್ಪು. ಅವಳಿಜವಳಿ ಮಕ್ಕಳ ಹಣೆಗೆ ಒಂದೇ ತಾಯಿ ಇಟ್ಟ ಕಾಡಿಗೆಯ ಹಾಗೆ.

ಮೇಸ್ತ್ರಿ ಬಹಳ ಹೊತ್ತು ನೋಡಿದ. ಎಡದ ಕಾರ್ಬುರೇಟರು ಕೆಡಬಹುದು. ಬಲದ್ದೂ ಕೆಡಬಹುದು. ಒಂದು ಹೆಚ್ಚು ಕೆಡುತ್ತದೆ, ಒಂದು ಕಡಿಮೆ. ಒಂದು ಇಂದು, ಒಂದು ಬರುವ ವರ್ಷ. ಎರಡು ಅಡುಗೆಮನೆಗಳಲ್ಲಿ ಒಂದೇ ದಿನ, ಒಂದೇ ಅಳತೆಯಲ್ಲಿ ಉಪ್ಪು ಹೆಚ್ಚಾಗುವುದಿಲ್ಲ. ಹಾಗಾದರೆ ಎರಡಕ್ಕೂ ಒಂದೇ ಕಡೆಯಿಂದ ಬರುವುದು ಯಾವುದು? ಪೆಟ್ರೋಲು. ಅದನ್ನು ಬದಲಿಸಿಯಾಗಿದೆ. ಸವಾರಗಿತ್ತಿಯ ಕೈ. ಅದನ್ನು ಕಟ್ಟಿಯಾಗಿದೆ. ಇನ್ನು ಉಳಿದದ್ದು ಗಾಳಿ.

ಗಾಳಿ ಬಯಲಿನಲ್ಲಿ ಬೇಕಾದಷ್ಟು ಬೀಸುತ್ತಿತ್ತು. ಅವನ ತಲೆಯ ಟವೆಲ್ಲು ಹಾರುತ್ತಿತ್ತು.

ಅವನು ಎದ್ದ. ಕೈಯಲ್ಲಿದ್ದ ಸ್ಪ್ಯಾನರನ್ನು ಹೊರಗೆ ಇಟ್ಟು, ಬಾಗಿಲು ತೆರೆದು, ಬಾವಿಯೊಳಗೆ ಹೋದ.

ಒಳಗೆ ಚಿಕ್ಕ ಬೈಕುಗಳು ಕೂಗುತ್ತಿದ್ದವು. ಆಟಕ್ಕೆ ಮುಂಚೆ ಅವುಗಳನ್ನು ತಳದಲ್ಲಿ ನಿಲ್ಲಿಸಿ ಕೂಗಿಸುವುದು ಕಂಪನಿಯ ಜಾಹೀರಾತು. ಆ ಸದ್ದಿಗೆ ಬಯಲಿನ ಜನ ಬಾವಿಯ ಕಡೆ ತಿರುಗುತ್ತಾರೆ. ಮೇಸ್ತ್ರಿ ಬಾಗಿಲು ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತ. ಕಿವಿಗೆ ಏನೂ ಹೊಸದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಉರಿಯತೊಡಗಿತು. ಹಣೆಯ ಎರಡೂ ಕಡೆ ಯಾರೋ ಹೆಬ್ಬೆರಳು ಒತ್ತಿದಂತಾಯಿತು. ಸಮಾಧಾನಕ್ಕೆಂದು ಬೀಡಿ ಹಚ್ಚಲು ಕಡ್ಡಿ ಗೀರಿದ. ಕಡ್ಡಿಯ ಬೆಂಕಿ ಮಂಕಾಗಿ ಎದ್ದು, ಮುದುಕನಂತೆ ಬಾಗಿ, ಹೊಗೆ ಬಿಟ್ಟು ಆರಿತು. ಇನ್ನೊಂದು ಗೀರಿದ. ಅದೂ ಹಾಗೆಯೇ.

ಅವನು ಬಗ್ಗಿ ಗೋಡೆಯ ಬುಡ ನೋಡಿದ. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದುಗಳಿರಬೇಕು. ಈಗ ಒಂದೂ ಇರಲಿಲ್ಲ. ಸುತ್ತಲೂ ತಗಡು.

ಈ ಊರಿಗೆ ಬಂದ ಮೇಲೆ ತಗಡು ಹೊಡೆದದ್ದು ಎಲ್ಲರಿಗೂ ಗೊತ್ತಿತ್ತು. ಸಂದಿಯಲ್ಲಿ ಕಣ್ಣಿಟ್ಟು ಪುಕ್ಕಟೆ ನೋಡುತ್ತಾರೆ ಎಂದು ಮಾಲೀಕ ಒಂದು ಕಡೆ ಹೊಡೆಸಿದ. ಬಯಲಿನ ಧೂಳು ಕಣ್ಣಿಗೆ ಹೊಡೆಯುತ್ತದೆ ಎಂದು ಚಿಕ್ಕ ಬೈಕಿನವರು ಇನ್ನೊಂದು ಕಡೆ ಹೊಡೆದರು. ಮಿಕ್ಕ ಭಾಗಕ್ಕೆ ತಗಡು ಹಿಡಿದು ಮೊಳೆ ಬಡಿದವನು ಮೇಸ್ತ್ರಿಯೇ. ಅದೇ ಧೂಳು ತನ್ನ ಕಾರ್ಬುರೇಟರುಗಳಿಗೆ ಹೋಗಬಾರದೆಂದು. ಯಾರೂ ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಕೆಳಗಿನಿಂದ ಗಾಳಿ ಬಂದರೆ ತಾನೇ ಹೊಗೆ ಮೇಲೆ ಏಳುವುದು. ಒಲೆಯ ಬಾಯಿ ಮುಚ್ಚಿದರೆ ಹೊಗೆಗೂಡು ಇದ್ದು ಏನು ಫಲ? ಚಿಕ್ಕ ಬೈಕುಗಳು ಬಿಟ್ಟ ಹೊಗೆ ತಳದಲ್ಲೇ ಕೂತಿತು. ಕೊನೆಯ ಸರದಿಯ ಸವಾರಗಿತ್ತಿ ಅದನ್ನು ಉಸಿರಾಡಿದಳು. ಅವಳ ಬೈಕೂ ಉಸಿರಾಡಿತು. ಪೆಟ್ರೋಲು ಎಂದೂ ಹೆಚ್ಚಾಗಿರಲಿಲ್ಲ.

ಮೇಸ್ತ್ರಿ ಹೊರಗೆ ಬಂದಾಗ ಜನ ಏಣಿ ಹತ್ತುತ್ತಿದ್ದರು. ಅವನು ಬೈಕಿನ ಬಳಿಗೆ ಹೋಗಲಿಲ್ಲ. ಡೇರೆಯ ಗೂಟ ಕೀಳುವ ಹಾರೆ ತಂದ. ತಗಡಿನ ಕೆಳಗೆ ತೂರಿಸಿ ಎಬ್ಬಿಸಿದ. ಮೊಳೆ ಕಿರುಗುಟ್ಟಿತು. ಮಾಲೀಕ ಓಡಿಬಂದ.

"ತಲೆ ಕೆಟ್ಟಿದೆಯೇನೋ? ಊರೆಲ್ಲ ಪುಕ್ಕಟೆ ನೋಡ್ತದೆ."

"ನೋಡ್ಲಿ," ಎಂದ ಮೇಸ್ತ್ರಿ. "ಟಿಕೆಟ್ ತಗೊಂಡೋರು ಹೆಣ ನೋಡೋದು ಬೇಡ. ಚಿಕ್ಕ ಬೈಕುಗಳನ್ನ ನಿಲ್ಸು. ಆಮೇಲೆ ನನ್ನ ಬೈಯಿ."

ತಗಡು ಒಂದೊಂದಾಗಿ ಬಿದ್ದವು. ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಇಲ್ಲದ ರೋಗಕ್ಕೆ ಅವನು ಕೊಟ್ಟ ಔಷಧಿಗಳೆಲ್ಲ ಬೈಕಿನೊಳಗೆ ಇದ್ದವು. ಸಣ್ಣ ಜೆಟ್ಟಿನಲ್ಲಿ ಶುದ್ಧ ಗಾಳಿ ಕುಡಿದರೆ ಎಂಜಿನ್ ಹಸಿದು, ಕಾದು, ಒಳಗೇ ಬಿಗಿದುಕೊಂಡು ಗೋಡೆಯ ಮೇಲೆಯೇ ನಿಂತುಹೋಗುತ್ತದೆ. ಅವನು ಬಯಲಿನಲ್ಲಿ ಕೂತು ತಾನು ಮಾಡಿದ್ದನ್ನೆಲ್ಲ ತಿರುಗಿಸತೊಡಗಿದ. ಹಳೆಯ ಜೆಟ್ಟು. ಹಳೆಯ ಜಾಲರಿ. ಚೋಕಿನ ತಂತಿ ಬಿಚ್ಚಿದ. ಹೊಸ ಪ್ಲಗ್ಗು ಹಾಕಿದ. ಮೇಲೆ ಜನ ಸಿಳ್ಳೆ ಹಾಕುತ್ತಿದ್ದರು, ಹಲಗೆಗೆ ಕಾಲು ಬಡಿಯುತ್ತಿದ್ದರು. ಅವನ ಬೆರಳಿನಿಂದ ನಟ್ಟು ಜಾರಿ ಹುಲ್ಲಿಗೆ ಬಿತ್ತು. ಹುಡುಕಿದ. ಮತ್ತೆ ಜಾರಿತು. ಸವಾರಗಿತ್ತಿ ಬಗ್ಗಿ ಅದನ್ನು ಹೆಕ್ಕಿ ಅವನ ಅಂಗೈಗೆ ಹಾಕಿದಳು.

"ಖಾತ್ರಿನಾ?" ಎಂದಳು.

"ಇಲ್ಲ," ಎಂದ ಮೇಸ್ತ್ರಿ. "ಇಷ್ಟು ದಿನ ಖಾತ್ರಿ ಇತ್ತು."

ಅವಳು ಅವನ ಮುಖ ನೋಡಿದಳು. ಮೊಣಕೈಯ ಬಟ್ಟೆ ಬಿಗಿ ಮಾಡಿಕೊಂಡಳು. "ಹಂಗಾದ್ರೆ ತಟ್ಟು," ಎಂದಳು.

ಅವನ ಕೈ ಟ್ಯಾಂಕಿನ ಮೇಲೆ ಹೋಗಿ ನಿಂತಿತು. ತಟ್ಟುವುದಕ್ಕೂ ಮುಟ್ಟುವುದಕ್ಕೂ ನಡುವೆ ಏನೋ ಒಂದು ಮಾಡಿತು. ಅವಳು ಅದನ್ನೇ ತಟ್ಟಿದ್ದೆಂದು ಒಪ್ಪಿಕೊಂಡು ಬೈಕು ತಳ್ಳಿದಳು. ಮೇಸ್ತ್ರಿಯೂ ಹಿಂದೆಯೇ ಒಳಗೆ ಹೋದ. ಬಾವಿಯ ನಟ್ಟನಡುವೆ ನಿಂತ. ಮೊದಲ ಬಾರಿಗೆ ಕಣ್ಣಿನಿಂದ ನೋಡಿದ.

ಬೈಕು ತಳದಲ್ಲಿ ಸುತ್ತಿತು. ಗೋಡೆ ಹತ್ತಿತು. ಅವನು ಅದರ ಜೊತೆಗೆ ತಿರುಗುತ್ತಾ ಹೋದ. ಸೊಂಟ ದಾಟಿತು. ಅರ್ಧ ದಾಟಿತು. ಮೊದಲ ಸಲ ಕೆಮ್ಮಿದ ಜಾಗ ಬಂತು. ಅವನ ಉಸಿರು ತಾನಾಗಿ ನಿಂತಿತು. ಎಂಜಿನ್ನಿನ ಉಸಿರು ನಿಲ್ಲಲಿಲ್ಲ. ಇನ್ನೊಂದು ಸುತ್ತು. ಇನ್ನೊಂದು. ಕೆಂಪು ಪಟ್ಟಿಯ ಮೇಲೆ ಚಕ್ರ ಹಾದು ಬಣ್ಣ ಉದುರಿತು. ಅವಳು ಒಂದು ಕೈ ಬಿಟ್ಟಳು. ಮೇಸ್ತ್ರಿ ಕಣ್ಣು ಮುಚ್ಚಿದ. ಎರಡೂ ಸಿಲಿಂಡರು ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟು ನುಡಿಯುತ್ತಿದ್ದವು. ಹಲಗೆಯ ಸಂದುಗಳಲ್ಲಿ ಊರಿನ ಕಣ್ಣುಗಳೆಲ್ಲ ಅಂಟಿಕೊಂಡಿದ್ದವು. ಆ ಕಣ್ಣುಗಳ ಪಕ್ಕದಿಂದಲೇ ಗಾಳಿ ನುಗ್ಗಿ ಅವನ ಕಾಲಿಗೆ ತಂಪಾಗಿ ತಾಕುತ್ತಿತ್ತು.

ಅವಳು ಇಳಿದ ಮೇಲೆ ಹೊರಗೆ ಎರಡೂ ಪ್ಲಗ್ಗು ಒಟ್ಟಿಗೆ ಬಿಚ್ಚಿ ನೋಡಿದರು. ಎರಡೂ ಹದವಾಗಿ ಬೆಂದ ರೊಟ್ಟಿಯ ಕಂದು. ಸವಾರಗಿತ್ತಿಗೆ ಆ ದಿನ ತಲೆ ನೋಯಲಿಲ್ಲ. ಬೈಕು ಗುಜರಿಗೆ ಹೋಗಲಿಲ್ಲ. ಅವಳೂ ಊರಿಗೆ ಹೋಗಲಿಲ್ಲ. ಮಾಲೀಕ ಮಾತ್ರ ಪುಕ್ಕಟೆ ನೋಡಿದವರನ್ನು ನೆನೆದು ವರ್ಷವಿಡೀ ನಿಟ್ಟುಸಿರು ಬಿಟ್ಟ. ಅವನ ನಿಟ್ಟುಸಿರಿಗೆ ಡೇರೆ ಉಬ್ಬುತ್ತಿತ್ತಂತೆ.

ಇಲ್ಲಿಗೆ ಮಾಸ್ತರು ಕತೆ ಮುಗಿಸಿದರು.

ದ್ಯಾಮಣ್ಣ ನಕ್ಕ. ಕತೆ ಕೇಳುವಷ್ಟು ಹೊತ್ತು ಅವನಿಗೆ ಸಂಜೆಯ ಚಿಂತೆ ಮರೆತಿತ್ತು. ಕಸುಬಿನ ಮಾತು ಬಂದರೆ ಅವನೂ ಸುಮ್ಮನಿರುವವನಲ್ಲ.

"ನಿಮ್ಮ ಮೇಸ್ತ್ರಿ ಬರೀ ಬಡಾಯಿ, ಮಾಸ್ತರೇ," ಎಂದ. "ಒಂದೊಂದೇ ಪ್ಲಗ್ಗು ನೋಡ್ಕೊಂಡು ಕೂತ್ರೆ ಇನ್ನೇನಾಗ್ತದೆ? ನಾನಾಗಿದ್ರೆ ಮೊದಲ್ನೇ ದಿನವೇ ಪಕ್ಕದ್ದನ್ನೂ ಬಿಚ್ಚಿ ಜೊತೆಗಿಟ್ಟು ನೋಡ್ತಿದ್ದೆ. ಅದೂ ಅಷ್ಟೇ ಕಪ್ಪಗಿದ್ರೆ ದೋಷ ಬೈಕಿನದ್ದಲ್ಲ, ಒಳಗಿನ ಗಾಳೀದು ಅಂತ ಅಲ್ಲೇ ಹೇಳ್ತಿದ್ದೆ."

ಮಾಸ್ತರು ಮೆಚ್ಚಿದವರಂತೆ ತಲೆಯಾಡಿಸಿದರು.

"ನಿನ್ನ ಹೆಂಡತಿ ಕಡೇ ಸಲ ಬಾಯ್ತುಂಬ ನಕ್ಕಿದ್ದು ಯಾವಾಗ, ದ್ಯಾಮಣ್ಣ?"